ಬೆಂಕಿ ಇದೆಯಾ ಸ್ವಾಮಿ?

ಒಂಬತ್ತನೆಯ ತರಗತಿಯ ಮಕ್ಕಳಿಂದ ‘ನನ್ನ ಹವ್ಯಾಸ’ ಎಂಬ ಪ್ರಬಂಧ ಬರೆಸುವುದು ನಮ್ಮಂಥ ಕನ್ನಡ ಉಪಾಧ್ಯಾಯರ ಹಳೆಯ ಹವ್ಯಾಸ. ಈ ಸಲ 42 ಪುಸ್ತಕಗಳಲ್ಲಿ 29 ಮಕ್ಕಳು ‘ನನ್ನ ಹವ್ಯಾಸ ಅಂಚೆಚೀಟಿ ಸಂಗ್ರಹ’ ಎಂದು ಬರೆದಿದ್ದರು. ಇವರಲ್ಲಿ ಎಷ್ಟು ಮಂದಿ ಅಂಚೆಚೀಟಿಯನ್ನು ಕೈಯಲ್ಲಿ ಹಿಡಿದಿದ್ದಾರೋ ಆ ದೇವರಿಗೇ ಗೊತ್ತು. ಗೈಡಿನಲ್ಲಿ ಹಾಗಿದೆ, ಮಕ್ಕಳೂ ಹಾಗೆಯೇ ಬರೆಯುತ್ತಾರೆ. ‘ಇದರಿಂದ ಜ್ಞಾನ ವೃದ್ಧಿಯಾಗುತ್ತದೆ’ ಎಂಬ ಕೊನೆಯ ವಾಕ್ಯವೂ ಎಲ್ಲರದೂ ಒಂದೇ.

ತಿದ್ದುತ್ತಾ ಕೂತವಳಿಗೆ ನನ್ನ ಹವ್ಯಾಸ ನೆನಪಾಯಿತು. ಅದು ಯಾವ ಗೈಡಿನಲ್ಲೂ ಇಲ್ಲ. ನಾನು, ನನ್ನ ತಮ್ಮ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಸುತ್ತಿದ್ದೆವು.

1978ರ ಸುಮಾರಿನ ಮಾತು. ಅಪ್ಪ ಅರಸೀಕೆರೆಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಆಗಿನ್ನೂ ಮೀಟರ್ ಗೇಜ್ ಕಾಲ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆ ಹೋಗುವ ಗಾಡಿಗಳೂ ಮೈಸೂರಿನಿಂದ ಹಾಸನದ ಮೇಲೆ ಬರುವ ಗಾಡಿಗಳೂ ಅಲ್ಲಿ ಕೂಡುತ್ತಿದ್ದವು. ಇಳಿದವರು ಕಾಫಿ ಕುಡಿದು, ಬೀಡಿ ಹಚ್ಚಿ, ಖಾಲಿ ಪೊಟ್ಟಣ ಎಸೆದು ಹೋಗುತ್ತಿದ್ದರು. ನಮಗೆ ಅದೇ ಐಶ್ವರ್ಯ. ಆಗಿನ ಪೊಟ್ಟಣ ತೆಳು ಮರದ್ದು. ಮೇಲೆ ನೀಲಿ ಕಾಗದ, ಅದರ ಮೇಲೆ ಬಣ್ಣದ ಚೀಟಿ. ತಟ್ಟೆಯ ನೀರಿನಲ್ಲಿ ಕಾಲು ಗಂಟೆ ನೆನೆಹಾಕಿದರೆ ಚೀಟಿ ತಾನೇ ಬಿಟ್ಟುಕೊಳ್ಳುತ್ತಿತ್ತು. ಅದನ್ನು ಕಿಟಕಿಯ ಗಾಜಿಗೆ ಮೆತ್ತಿ ಒಣಗಿಸಿ, ಅಪ್ಪ ತಂದುಕೊಟ್ಟಿದ್ದ ಹಳೆಯ ಲೆಡ್ಜರಿನಲ್ಲಿ ಮೈದಾ ಅಂಟಿನಿಂದ ಅಂಟಿಸುತ್ತಿದ್ದೆವು. ಹಡಗು, ಕುದುರೆ, ನವಿಲು, ಬೀಗದಕೈ, ಚಿರತೆಯೊಡನೆ ಸೆಣಸುವ ಮನುಷ್ಯ. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿ. ತಮಿಳುನಾಡಿನ ಭೂಗೋಳ ನನಗೆ ಬಂದದ್ದು ಪಾಠದಿಂದಲ್ಲ, ಈ ಚೀಟಿಗಳಿಂದ. ಜ್ಞಾನ ವೃದ್ಧಿಯಾಗಲಿಲ್ಲ ಎನ್ನಲಾರೆ.

ನೆಲದ ಮೇಲೆ ಸಿಕ್ಕ ಪೊಟ್ಟಣ ಎಷ್ಟೋ ಸಲ ತುಳಿದು ನಜ್ಜುಗುಜ್ಜಾಗಿರುತ್ತಿತ್ತು. ಅದಕ್ಕೆ ಅಪ್ಪ ಒಂದು ಉಪಾಯ ಕಂಡುಕೊಂಡಿದ್ದರು. ಗಾಡಿ ನಿಂತಾಗ ದೂರದ ಊರಿನವನ ಹಾಗೆ ಕಂಡ ಪ್ರಯಾಣಿಕನ ಬಳಿ ಹೋಗಿ, ಬಾಯಲ್ಲಿ ಬೀಡಿ ಇಟ್ಟುಕೊಂಡು, “ಬೆಂಕಿ ಇದೆಯಾ ಸ್ವಾಮಿ?” ಎನ್ನುವುದು. ಆತ ಪೊಟ್ಟಣ ಕೊಟ್ಟರೆ ಬೀಡಿ ಹಚ್ಚಿಕೊಂಡು ಚಿತ್ರ ನೋಡುವುದು. ಹೊಸದಾದರೆ, “ಮಕ್ಕಳು ಆಸೆಪಡ್ತವೆ” ಎಂದು ಕೇಳಿ, ತಮ್ಮ ಪೊಟ್ಟಣ ಕೊಟ್ಟು ಅದನ್ನು ಪಡೆಯುವುದು. ಸಂಜೆ ಬಾಗಿಲಲ್ಲೇ ನಮ್ಮ ಪ್ರಶ್ನೆ ಕಾದಿರುತ್ತಿತ್ತು: “ಅಪ್ಪಾ, ಹೊಸದು ಸಿಕ್ತಾ?” ಅವರು ಅಂಗಿಯ ಜೇಬಿನಿಂದ ತೆಗೆದು, ಮುಷ್ಟಿ ಮುಚ್ಚಿ, “ಯಾವ ಕೈ ಹೇಳು ಪುಟ್ಟಿ” ಎನ್ನುತ್ತಿದ್ದರು. ಬರಿಗೈಯಲ್ಲಿ ಬಂದ ದಿನ ನಾನು ಮುಖ ಊದಿಸುತ್ತಿದ್ದೆ. ಮಾರನೆಯ ದಿನ ತಪ್ಪದೆ ಒಂದು ಬರುತ್ತಿತ್ತು.

ದೊಡ್ಡವಳಾದ ಮೇಲೆ ಲೆಡ್ಜರು ಅಟ್ಟ ಸೇರಿತು. ನಾನು ಬಿ.ಎ. ಓದುತ್ತಿದ್ದ 1987ರ ಹೊತ್ತಿಗೆ ಓಣಿಯಲ್ಲಿ ಒಂದು ಮನೆಗೆ ಟಿ.ವಿ. ಬಂದಿತ್ತು. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಬರುತ್ತದೆಂದರೆ ಓಣಿಗೆ ಓಣಿಯೇ ಆ ಮನೆಯ ಚಾಪೆಯ ಮೇಲೆ. ಕಥೆ ಆರ್.ಕೆ. ನಾರಾಯಣ್ ಅವರದು, ಚಿತ್ರಣ ಆಗುಂಬೆಯದು, ಮಾಸ್ಟರ್ ಮಂಜುನಾಥ್ ನಮ್ಮ ಹುಡುಗ, ಭಾಷೆ ಮಾತ್ರ ಹಿಂದಿ. ಹಿಂದಿ ಬಾರದ ಅಪ್ಪನಿಗೆ ನಾನು ಪಿಸುಗುಟ್ಟಿ ಕನ್ನಡ ಮಾಡಿ ಹೇಳುತ್ತಿದ್ದೆ. ಅವರಿಗೆ ಸ್ವಾಮಿಗಿಂತ ಸ್ಟೇಷನ್ ಮುಖ್ಯ. ಹಳಿ ಕಂಡರೆ ಸಾಕು, ಸಿಗ್ನಲ್ ಬಿದ್ದಿದೆಯೋ ಇಲ್ಲವೋ ನೋಡುತ್ತಿದ್ದರು.

ಆಗಲೇ ಅವರಿಗೆ ಕೆಮ್ಮು. ಶುರುವಾದರೆ ನಿಲ್ಲುತ್ತಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಅವರೇ ಎದ್ದು ಹೊರಗೆ ಹೋಗುತ್ತಿದ್ದರು. ಒಂದು ಸಲ ತಿರುಗಿ ನೋಡಿದೆ. ಕಿಟಕಿಯ ಸರಳು ಹಿಡಿದು, ಬಾಯಿಗೆ ಟವೆಲು ಒತ್ತಿಕೊಂಡು ನೋಡುತ್ತಿದ್ದರು. ಎದ್ದುಹೋಗಿ ಪಕ್ಕದಲ್ಲಿ ನಿಂತು ಕಥೆ ಹೇಳಬಹುದಿತ್ತು. ಸ್ವಾಮಿಗೆ ಮುಂದೇನಾಗುವುದೋ ಎಂಬ ಆತುರದಲ್ಲಿ ನಾನು ಏಳಲಿಲ್ಲ. ಮನೆಗೆ ಹೋಗುವಾಗ ಹೇಳಿದರಾಯಿತು ಎಂದುಕೊಂಡೆ.

1989ರಲ್ಲಿ ಅಪ್ಪ ಹೋದರು. ಶ್ವಾಸಕೋಶದ ಕಾಯಿಲೆ, ಬೀಡಿಯೇ ಕಾರಣ ಎಂದರು ಡಾಕ್ಟರು. ಆ ಮಾತು ಕೇಳಿದಾಗ ನನಗೆ ಹೊಳೆದದ್ದು ಪ್ಲಾಟ್‌ಫಾರಂ. ಬೆಂಕಿ ಕೇಳಬೇಕಾದರೆ ಬಾಯಲ್ಲಿ ಬೀಡಿ ಇರಬೇಕಲ್ಲ! ಲೆಡ್ಜರಿನಲ್ಲಿ ಒಟ್ಟು 316 ಚಿತ್ರಗಳು. ಅಪ್ಪ ತಂದದ್ದು ಎಷ್ಟು, ನೆಲದಿಂದ ಆರಿಸಿದ್ದು ಎಷ್ಟು ಎಂದು ಬೇರೆಮಾಡಲು ಈಗ ಸಾಧ್ಯವಿಲ್ಲ. ಅಮ್ಮನ ಹತ್ತಿರ ಒಮ್ಮೆ ಬಾಯಿಬಿಟ್ಟೆ. “ನೀವು ಹುಟ್ಟೋಕೆ ಮುಂಚೆಯಿಂದ ಸೇದ್ತಿದ್ರು ಕಣೇ, ನಿಮ್ಮಿಂದ ಹೆಚ್ಚಾಗಿದ್ದು ಅವರ ಸಂತೋಷ ಒಂದೇ” ಎಂದರು. ಮನಸ್ಸು ಒಪ್ಪಿತು ಎನ್ನಲಾರೆ. ಬಹಳ ವರ್ಷ ಆ ಲೆಡ್ಜರು ತೆರೆಯಲಿಲ್ಲ.

ಮಾಲ್ಗುಡಿಯ ಸ್ಟೇಷನ್ ಆಗಿ ಕಾಣಿಸಿಕೊಂಡದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. 2020ರಲ್ಲಿ ಅಲ್ಲಿನ ಹಳೆಯ ನಿಲ್ದಾಣವನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಎರಡು ವರ್ಷದ ನಂತರ ತಮ್ಮನೊಡನೆ ಹೋಗಿದ್ದೆ. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾವಿಬ್ಬರೂ ಹಳಿಯ ಕಡೆ ಕತ್ತೆತ್ತಿ ಸಿಗ್ನಲ್ ನೋಡುತ್ತಿದ್ದೆವು. ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ. ಊರಿಗೆ ಬಂದವಳೇ ಲೆಡ್ಜರು ಕೆಳಗಿಳಿಸಿದೆ.

ಪ್ರಬಂಧ ತಿದ್ದಿದ ಮಾರನೆಯ ದಿನ ಅದನ್ನು ತರಗತಿಗೆ ಒಯ್ದೆ. ಬೀಡಿಯ ಕಥೆ ಹೇಳಲಿಲ್ಲ, ಚಿತ್ರ ಮಾತ್ರ ತೋರಿಸಿದೆ. “ಇದರಿಂದ ಏನು ಉಪಯೋಗ ಮಿಸ್?” ಎಂದ ಒಬ್ಬ. “ಏನೂ ಇಲ್ಲ ಕಣೋ” ಎಂದೆ. ತರಗತಿಗೆ ಅದು ಬಹಳ ಹಿಡಿಸಿತು.

ಎರಡು ದಿನ ಬಿಟ್ಟು ಆ ಹುಡುಗನೇ ಒಂದು ಖಾಲಿ ಪೊಟ್ಟಣ ತಂದ. ಈಗಿನದು ರಟ್ಟಿನದು, ಚಿತ್ರ ಅದರ ಮೇಲೇ ಅಚ್ಚಾಗಿರುತ್ತದೆ. ನೆನೆಹಾಕುವ ಹಾಗಿಲ್ಲ, ಕತ್ತರಿಸಬೇಕು. 50 ಪೈಸೆ ಇದ್ದದ್ದು 2007ರಲ್ಲಿ 1 ರೂಪಾಯಿ, 2021ರ ಡಿಸೆಂಬರಿನಲ್ಲಿ 2 ರೂಪಾಯಿ ಆದ ಪೊಟ್ಟಣ. “ಇದು ನಿಮ್ಮ ಹತ್ರ ಇದೆಯಾ ಮಿಸ್?” ಎಂದ.

ಕೈ ಚಾಚಿದವಳು ಹಾಗೇ ನಿಂತೆ.

“ಎಲ್ಲಿಂದ ತಂದೆಯೋ? ನಿಮ್ಮಪ್ಪಂದಾ?”

“ಅಲ್ಲ ಮಿಸ್, ನಮ್ಮಜ್ಜಿದು. ದೇವರ ಮನೇದು.”

“ಹಾಗಾದ್ರೆ ತಾ, ಅಂಟಿಸೋಣ” ಎಂದೆ.