ತುಂಬೆಯೂ ರಣಭೇರಿಯೂ

ಅಮೀರ್‌ಪೇಟ್, ಹೈದರಾಬಾದ್

ಪ್ರೀತಿಯ ಗೆಳತಿಗೆ,

ನಿಮ್ಮ ಕಾಗದ ಕೈಸೇರಿತು. ರಾಯಚೂರಿನ ದಾರಿಯಲ್ಲಿ ಕಂಡ ಕಿತ್ತಳೆ ಹೂವಿನ ಗಿಡವೂ ತುಂಬೆಯೇ ಅಲ್ಲವೇ ಎಂದು ಕೇಳಿದ್ದೀರಿ. ತುಂಬೆಯಲ್ಲ, ತುಂಬೆಯ ಹತ್ತಿರದ ನೆಂಟ. ಇಲ್ಲಿ ತೆಲುಗಿನವರು ಅದನ್ನು ರಣಭೇರಿ ಅನ್ನುತ್ತಾರೆ. ನಮ್ಮ ತುಂಬೆ ಇವರಿಗೆ ತುಮ್ಮಿ.

ಮಳೆ ನಿಂತ ಮೇಲೆ ನಮ್ಮ ಓಣಿಯ ಖಾಲಿ ಸೈಟಿನಲ್ಲಿ ಎರಡೂ ಅಕ್ಕಪಕ್ಕ ಎದ್ದಿವೆ. ತುಂಬೆ ಮೊಣಕಾಲೆತ್ತರ, ಎಲೆ ಸಣ್ಣ, ನೀಳ. ರಣಭೇರಿ ಆಳೆತ್ತರ, ಅಗಲ ಎಲೆಗೆ ಉದ್ದ ತೊಟ್ಟು, ಅಂಚಿಗೆ ಹಲ್ಲು. ಕೋಲಿಗೆ ಪೋಣಿಸಿದಂತೆ ಮುಳ್ಳುಮುಳ್ಳಿನ ಚೆಂಡುಗಳು, ಅವುಗಳಿಂದ ಹೂ. ಕಾಂಡ ಮುಟ್ಟಿ ನೋಡಿ, ಎರಡರದ್ದೂ ಚೌಕ. ಪುದೀನ, ತುಳಸಿಯ ಮನೆತನದ ಗುರುತು ಅದು.

ನಿನ್ನೆ ಒಂದೊಂದು ಹೂ ಅಂಗೈ ಮೇಲಿಟ್ಟುಕೊಂಡೆ. ತುಂಬೆಯ ಬಿಳಿ ಕೆಳತುಟಿ ಪುಟ್ಟ ಜಗುಲಿಯಷ್ಟು ಅಗಲ. ಜೇನು ಅಲ್ಲೇ ಕೂತು ತಲೆ ಒಳಗಿಡುತ್ತದೆ. ರಣಭೇರಿಯ ಕೆಳತುಟಿ ಗಿಡ್ಡ, ಬಲುಬೇಗ ಬಾಡುತ್ತದೆ. ಹೂವೇ ಬಾಗಿದ ಕೊಳವೆ, ಮೇಲ್ತುಟಿಗೆ ಕಿತ್ತಳೆ ಮಖಮಲ್ಲು. ಅದಕ್ಕೆ ಬರುವ ಸೂರಕ್ಕಿಗೆ ಜಗುಲಿ ಬೇಕಿಲ್ಲ. ಗಟ್ಟಿ ಕಾಂಡ ಹಿಡಿದು ಕೂತು ಬಾಗಿದ ಕೊಕ್ಕು ತೂರಿಸುತ್ತದೆ, ಹಣೆಗೆ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಹಾರುತ್ತದೆ. ಬರುವ ಅತಿಥಿ ಬೇರೆಯಾದ್ದರಿಂದಲೇ ಒಂದೇ ಮನೆತನದ ಎರಡು ಹೂಗಳಿಗೆ ಇಷ್ಟು ಬೇರೆ ರೂಪ.

ಹಿಂದೆ ಸಸ್ಯವಿಜ್ಞಾನಿಗಳು ಎರಡನ್ನೂ ಫ್ಲೋಮಿಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. 1810ರಲ್ಲಿ ರಾಬರ್ಟ್ ಬ್ರೌನ್ ಬೇರೆ ಮಾಡಿದ. ತುಂಬೆಯದು ಲ್ಯೂಕಸ್, ಗ್ರೀಕಿನಲ್ಲಿ ಬಿಳಿ ಎಂದರ್ಥ. ರಣಭೇರಿಯದು ಲಿಯೊನೋಟಿಸ್, ಅಂದರೆ ಸಿಂಹದ ಕಿವಿ. ಆ ರೋಮದ ಮೇಲ್ತುಟಿ ನೋಡಿದರೆ ಹೆಸರು ಒಪ್ಪುತ್ತದೆ.

ನಮ್ಮಲ್ಲಿ ತುಂಬೆ ಹೂ ಶಿವನ ಮುಡಿಗೆ. ಇಲ್ಲಿ ವಿನಾಯಕ ಚವಿತಿಗೆ ತುಮ್ಮಿಕೂರ, ಅಂದರೆ ತುಂಬೆ ಸೊಪ್ಪಿನ ಪಲ್ಯ, ಮಾಡುತ್ತಾರೆ. ಮುನ್ನಾದಿನ ಪತ್ರೆ ಮಾರುವವರ ಬಳಿ ಆ ಸೊಪ್ಪಿನ ಕಟ್ಟುಗಳಿರುತ್ತವೆ. ಹಬ್ಬ ಕಳೆದರೆ ಅದೇ ಗಿಡ ಕಳೆ, ಸೈಟು ಸವರುವವರ ಕುಡುಗೋಲಿಗೆ ಮೊದಲ ತುತ್ತು. ಅದು ನನಗೆ ಸಂಕಟ.

ನಿಮ್ಮ ಹಿತ್ತಲಲ್ಲಿ ಇವು ಎದ್ದರೆ ಬೀಜ ಉದುರುವವರೆಗೆ ನಾಲ್ಕು ಗಿಡವನ್ನಾದರೂ ಉಳಿಸಿ. ಸೊಪ್ಪಿಗೆ ಬಿಳಿ ಹೂವಿನದನ್ನಷ್ಟೇ ಕೊಯ್ಯಿರಿ. ಕಿತ್ತಳೆಯದನ್ನು ಸೂರಕ್ಕಿಗೆ ಬಿಡಿ.

ಇತಿ,
ನಿಮ್ಮ ಗೆಳತಿ