ಬೆಳ್ಳಿಯ ಹಳಿ

ನಮ್ಮ ಮನೆತನದ ಹಿರಿಮೆಯನ್ನು ಯಾರಾದರೂ ಕೇಳಿದರೆ ನಮ್ಮವರು ಮೊದಲು ತೆಗೆಯುವುದು ಬೆಳ್ಳಿಯ ಹಳಿಯ ಮಾತನ್ನೇ. ಅಮೇರಿಕೆಯಲ್ಲಿ ಅಣ್ಣತಮ್ಮಂದಿರ ಯುದ್ಧ ನಡೆದಾಗ ಹತ್ತಿಯ ಧಾರಣೆ ಆಕಾಶಕ್ಕೇರಿತಂತೆ. ರಬಕವಿಯಲ್ಲಿದ್ದ ನಮ್ಮ ದೊಡ್ಡ ಮುತ್ಯಾ ಬಂದ ದುಡ್ಡನ್ನು ಎಲ್ಲಿಡಬೇಕೆಂದು ತಿಳಿಯದೆ ಸವಾರಿ ಚಕ್ಕಡಿಯ ಗಾಲಿಗಳಿಗೆ ಕಬ್ಬಿಣದ ಬದಲು ಬೆಳ್ಳಿಯ ಹಳಿ ಕಟ್ಟಿಸಿ, ಶಂಕರಲಿಂಗನ ಗುಡಿಯವರೆಗೆ ಒಂದು ಸಲ ಹೊಡೆಸಿದನಂತೆ. ಆಯಿ ಇದನ್ನು ಹೇಳುವಾಗ ಗಾಲಿಯ ಸಪ್ಪಳವನ್ನೂ ಬಾಯಿಂದ ಮಾಡಿ ತೋರಿಸುತ್ತಿದ್ದಳು. ಮುಂದೆ ನಾನು ಮಾಸ್ತರಿಕೆಗೆಂದು ಊರೂರು ತಿರುಗಿದಾಗ ಇದೇ ಕಥೆಯನ್ನು ಸೊಲ್ಲಾಪುರದ ಕಡೆಯವರೂ ಹೇಳಿದರು, ನಾಗಪುರದ ಕಡೆಯವರೂ ಹೇಳಿದರು. ಹತ್ತಿ ಬೆಳೆದ ನಾಡಿನಲ್ಲೆಲ್ಲ ಆ ಒಂದೇ ಚಕ್ಕಡಿ ಓಡಾಡಿರಬೇಕು.

ಹೋದ ವರ್ಷ ನನ್ನ ಅಣ್ಣನ ಮಗ ಬೆಳಗಾವಿಯಲ್ಲಿ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ಬಂದವರಿಗೆಲ್ಲ ನಮ್ಮ ವಂಶಾವಳಿಯ ಪುಸ್ತಕವೊಂದನ್ನು ಅಚ್ಚುಹಾಕಿಸಿ ಹಂಚಬೇಕೆಂದು ಅವನ ಮನಸ್ಸು. “ಕಾಕಾ, ನೀವು ರಿಟಾಯರ ಆಗಿ ಸುಮ್ಮನ ಕುಂತೀರಿ. ಅಟ್ಟದ ಮ್ಯಾಲಿನ ದಫ್ತರ ತಗದು ನೋಡ್ರಿ” ಎಂದ. ಸುಮ್ಮನೆ ಕುಳಿತಿದ್ದೇನೆಂಬ ಮಾತು ಸ್ವಲ್ಪ ಚುಚ್ಚಿತಾದರೂ ನಿಚ್ಚಣಿಕೆ ಹಾಕಿ ಅಟ್ಟವೇರಿದೆ.

ಕೆಂಪು ಅರಿವೆಯಲ್ಲಿ ಕಟ್ಟಿದ ಗಂಟುಗಳು ಹನ್ನೊಂದು. ಎರಡನ್ನು ಗೆದ್ದಲು ಮುಗಿಸಿತ್ತು. ಉಳಿದವನ್ನು ಬಿಚ್ಚಿದರೆ ಒಂದಕ್ಷರವೂ ನನಗೆ ತಿಳಿಯಲೊಲ್ಲದು, ಎಲ್ಲ ಮೋಡಿ. ನಮ್ಮ ರಬಕವಿ ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ ಊರು. ಮಗ್ಗುಲಿಗೇ ಇದ್ದ ಜಮಖಂಡಿ ಮತ್ತೊಬ್ಬ ಪಟವರ್ಧನರದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಕೂಡುವವರೆಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಸಾವಕಾರನ ಕೀರ್ದಿ ಖತಾವಣಿಗಳೂ ಕಚೇರಿಯ ದಾರಿಯನ್ನೇ ಹಿಡಿದಿದ್ದವು. ಹೀಗಾಗಿ ನನ್ನ ಹಿರಿಯರು ಬರೆದಿಟ್ಟದ್ದನ್ನು ಓದಲು ನಾನು ಪರರ ಬಳಿಗೆ ಹೋಗಬೇಕಾಯಿತು. ಜಮಖಂಡಿಯಲ್ಲಿ ಕೋರ್ಟಿನ ಕಾರಕೂನಿಕೆ ಮಾಡಿ ನಿವೃತ್ತರಾದ ವೃದ್ಧರೊಬ್ಬರು ಸಿಕ್ಕರು; ತಂದೆಯಿಂದ ಮೋಡಿ ಕಲಿತವರು. ನಾಲ್ಕು ವಾರ, ವಾರಕ್ಕೊಂದು ಗಂಟು, ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ.

ಮೊದಮೊದಲು ಎಲ್ಲವೂ ಹಿತವಾಗಿಯೇ ಇತ್ತು. ಜವಾರಿ ಹತ್ತಿ ಇಷ್ಟು ಅಂಡಿಗೆ, ಕುಮಟೆಗೆ ಹೋದ ಚಕ್ಕಡಿ ಇಷ್ಟು, ದಾರಿಯ ಖರ್ಚು ಇಷ್ಟು. ರೈಲು ಬರುವ ಮೊದಲು ನಮ್ಮ ಸೀಮೆಯ ಅರಳೆಯೆಲ್ಲ ಘಟ್ಟವಿಳಿದು ಕುಮಟೆಯ ಬಂದರದಲ್ಲಿ ಹಡಗನ್ನೇರುತ್ತಿತ್ತು. ಅದಕ್ಕೇ ಮುಂಬಯಿ ಪೇಟೆಯಲ್ಲಿ ನಮ್ಮ ಹತ್ತಿಗೆ ಕುಮಟಾ ಎಂಬ ಹೆಸರು. 1861ರಿಂದ 1865ರವರೆಗಿನ ಲೆಕ್ಕ ಬಂದಾಗ ವೃದ್ಧರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮ ಮುತ್ಯಾ ನಾಕ ವರ್ಷದಾಗ ಕುರಿಗಿ ಮ್ಯಾಲೆ ಕುರಿಗಿ ಹೊಲಾ ಹಿಡದಾನ ನೋಡ್ರಿ” ಎಂದರು. ಅಮೇರಿಕೆಯ ದಕ್ಷಿಣದ ಬಂದರಗಳನ್ನು ಉತ್ತರದವರು ಮುಚ್ಚಿದ್ದರು. ಲ್ಯಾಂಕಾಶಾಯರದ ಗಿರಣಿಗಳು ನಿಂತಿದ್ದವು. ಎಲ್ಲರ ಕಣ್ಣೂ ನಮ್ಮ ಯರೆನೆಲದ ಮೇಲೆ. ಬೆಳ್ಳಿಯ ಹಳಿಯ ಲೆಕ್ಕ ಮಾತ್ರ ಎಲ್ಲಿಯೂ ಸಿಗಲಿಲ್ಲ. ಅಕ್ಕಸಾಲಿಗನಿಗೆ ಕೊಟ್ಟ ಮಜೂರಿಯಾದರೂ ಇರಬೇಕೆಂದು ಎರಡು ಸಲ ಓದಿಸಿದೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಆ ಯುದ್ಧಕ್ಕೆ ಇಪ್ಪತ್ತು ವರ್ಷ ಮೊದಲೇ, 1840ರಲ್ಲಿ, ಕಂಪನಿ ಸರಕಾರವು ಅಮೇರಿಕೆಯ ದಕ್ಷಿಣ ರಾಜ್ಯಗಳಿಂದ ಹತ್ತು ಜನ ಹತ್ತಿಯ ತೋಟಗಾರರನ್ನು ಸಂಬಳ ಕೊಟ್ಟು ಹಿಂದುಸ್ತಾನಕ್ಕೆ ಕರೆಸಿತ್ತು. ಅವರಲ್ಲಿ ಮರ್ಸರ್ ಎಂಬವನು ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಸರಕಾರದ ಹೊಲ ಮಾಡಿದ. ಅವರು ತಂದ ನ್ಯೂ ಆರ್ಲಿಯನ್ಸಿನ ಬೀಜವೇ ಧಾರವಾಡ ಅಮೇರಿಕನ್ ಎಂದು ಹೆಸರಾಯಿತು. ಗುಲಾಮರ ಬೆವರಿನಿಂದ ಹತ್ತಿ ಬೆಳೆಯುವ ನಾಡಿನಿಂದ ಬಂದವರು ಇಲ್ಲಿಯ ಆಳುಗಳನ್ನು ನೋಡಿ ಏನೆಂದುಕೊಂಡರೋ. 1843ರಲ್ಲಿ ಕಂಪನಿ ಸರಕಾರ ತನ್ನ ಮುಲುಕಿನ ಕೋರ್ಟುಗಳಲ್ಲಿ ಗುಲಾಮಗಿರಿಯ ಹಕ್ಕನ್ನು ಮನ್ನಿಸಬಾರದೆಂದು ಕಾಯದೆ ಮಾಡಿತು. ಸಾಲಕ್ಕೆ ದುಡಿಯುವವನನ್ನು ಮಾತ್ರ ಯಾರೂ ಗುಲಾಮನೆಂದು ಕರೆಯಲಿಲ್ಲ.

ಮೂರನೆಯ ವಾರ ಹಾಳೆಯೊಂದು ಬಂದಿತು. ಮೇಲೆ ‘ಜಿಂದಗಿ ಯಾದಿ’ ಎಂದಿತ್ತು. ವೃದ್ಧರು ಬೆರಳಿಟ್ಟು ಓದುತ್ತ ಹೋದರು: ಎತ್ತು 8, ಎಮ್ಮೆ 3, ಚಕ್ಕಡಿ 2, ಕಬ್ಬಿಣದ ನೇಗಿಲು 1, ಆಳು 5. ಅಷ್ಟು ಓದಿ ಸುಮ್ಮನಾದರು. “ಮುಂದ?” ಎಂದೆ. “ಮುಂದ ತಾಮ್ರದ ಹಂಡೆ” ಎಂದರು.

ಐವರ ಹೆಸರೂ ಇದ್ದವು, ಕರೆಯುವಾಗ ಮೊಟಕು ಮಾಡುವ ರೀತಿಯಲ್ಲಿ. ಒಬ್ಬೊಬ್ಬನಿಗೂ ಖತಾವಣಿಯಲ್ಲಿ ಒಂದೊಂದು ಪುಟ. ಅದರಲ್ಲಿ ಒಬ್ಬನ ಹೆಸರನ್ನು ಕೇಳಿದೊಡನೆ ನನ್ನ ಮೈ ಬೆಚ್ಚಗಾಯಿತು. ಅದೇ ಹೆಸರಿನವನೊಬ್ಬ ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದ್ದ. ಅಜ್ಜನ ಅಜ್ಜನ ಹೆಸರನ್ನು ಮೊಮ್ಮಕ್ಕಳಿಗಿಡುವುದು ನಮ್ಮಲ್ಲಿ ವಾಡಿಕೆಯಲ್ಲವೆ?

ಶಕೆ 1798, ಧಾತು ಸಂವತ್ಸರ. ನಮ್ಮ ಸೀಮೆಯನ್ನು ಬರಿದುಮಾಡಿದ 1876ರ ಬರದ ವರ್ಷವದು. ‘ಮಗನ ಲಗ್ನದ ಸಲುವಾಗಿ ರೂಪಾಯಿ 40, ಮುಟ್ಟುವತನಕ ಮೈಯಿಂದ ದುಡಿಯತಕ್ಕದ್ದು, ಎರಡು ಹೊತ್ತು ಉಣ್ಣಲಿಕ್ಕೆ, ವರ್ಷಕ್ಕೊಂದು ಕಂಬಳಿ, ಒಂದು ಜೋಡು ಕೆರ’. ಕೆಳಗೆ ಹೆಬ್ಬೆಟ್ಟಿನ ಗುರುತು. ಅನಂತರದ ಪುಟಗಳಲ್ಲಿ ಆ ನಲವತ್ತು ಒಂದು ವರ್ಷವೂ ಕಡಿಮೆಯಾಗಲಿಲ್ಲ. ಜ್ವರದಲ್ಲಿ ಮಲಗಿದ ದಿನಗಳಿಗೆ ವಜಾ. ಎತ್ತು ಹಳ್ಳದಲ್ಲಿ ಕಾಲು ಮುರಿದುಕೊಂಡದ್ದು ಅವನ ಲೆಕ್ಕಕ್ಕೆ. ಹೆಂಡತಿಯ ಮಣ್ಣಿಗೆ ಐದು ರೂಪಾಯಿ. ಆಮೇಲೆ ಒಂದು ಸಾಲು: ‘ಸದರಿ ಇಸಮ ಮಯತ. ಮಗ ಸಾಲಕ್ಕೆ ನಿಂತ.’ ಇಷ್ಟೇ. ಹೀಗೆ ಮಗ, ಮೊಮ್ಮಗ. ಸಾಲ ನೂರಾಯಿತು, ಐನೂರಾಯಿತು. ಮೋಡಿ ಹೋಗಿ ಕನ್ನಡ ಬಂದಿತು. ಅಜ್ಜನ ಅಕ್ಷರ ಹೋಗಿ ಅಪ್ಪನ ಅಕ್ಷರ ಬಂದಿತು. ಅಲ್ಲಿಂದ ಮುಂದೆ ಓದಲು ನನಗೆ ಯಾರೂ ಬೇಕಾಗಿರಲಿಲ್ಲ.

ಆ ಕಡೆಯವನನ್ನು ನಾವು ಹುಡುಗರು ಕಾಕಾ ಎಂದೇ ಕರೆಯುತ್ತಿದ್ದೆವು. ಅವನು ದನದ ಮನೆಯಲ್ಲಿ ಮಲಗುತ್ತಿದ್ದ. ಅವನ ಗಂಗಾಳವನ್ನು ಹೊರಗಿನ ಗೂಡಿನಲ್ಲಿಡುತ್ತಿದ್ದರು. ಇದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ. ನನಗೆ ಹತ್ತು ವರ್ಷವಾಗಿದ್ದಾಗ, 1963ರ ಬೇಸಗೆಯಲ್ಲಿ, ಒಂದು ಮುಂಜಾನೆ ಕಾಕಾ ಕಾಣಲಿಲ್ಲ. ಸೊಲ್ಲಾಪುರದ ಗಿರಣಿಗೆ ಓಡಿಹೋಗುವ ಬೇತು ಎಂದು ಮನೆಯಲ್ಲಿ ಗದ್ದಲವೆದ್ದಿತು. ಅಪ್ಪ ಪಡಸಾಲೆಯಲ್ಲಿ ನಿಂತು, “ಯಾರರ ನೋಡೀರೇನು?” ಎಂದು ಕೇಳಿದರು. ನಾನು ನೋಡಿದ್ದೆ. ಹೊಳೆಗೆ ಈಸಲು ಹೋದಾಗ ಜಾಲಿಯ ಮರೆಯಲ್ಲಿ ಕಾಕಾ ಆಚೆ ದಂಡೆಯ ನಾವೆಯನ್ನು ಕಾಯುತ್ತ ಕುಳಿತಿದ್ದ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಿದ್ದ. ನಾನು ಹೇಳಿಬಿಟ್ಟೆ. ಸಂಜೆ ಅಪ್ಪ ನನಗೆ ಎರಡು ಪೇಡೆ ಕೊಟ್ಟರು. ಕಾಕಾನನ್ನು ಮಧ್ಯಾಹ್ನವೇ ಕರೆತಂದಿದ್ದರು. ಹೊಡೆದರೋ ಇಲ್ಲವೋ ನಾನು ನೋಡಲಿಲ್ಲ. ದನದ ಮನೆಯ ಕಡೆಗೆ ಆ ದಿನ ಹೋಗಲಿಲ್ಲ.

ಪುಟದ ಕೊನೆ ಹೀಗಿದೆ. ಬಾಕಿ 1,340 ರೂಪಾಯಿ. ಅದರ ಮೇಲೆ ಅಡ್ಡಗೀಟು. ‘ಚುಕ್ತಾ’ ಎಂದು ಅಪ್ಪನ ಅಕ್ಷರ, ಕೆಳಗೆ 1976 ಎಂಬ ಇಸವಿ. ಅಪ್ಪ ಧರ್ಮಾತ್ಮರಾದರೆಂದು ಒಂದು ಕ್ಷಣ ನನ್ನ ಕಣ್ಣು ತೇವಗೊಂಡದ್ದು ನಿಜ. ಆದರೆ 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಜೀತವನ್ನು ನಿಲ್ಲಿಸುವ ಕಾಯದೆಯಾದದ್ದು ನೆನಪಾಗಿ ಕಣ್ಣು ತಾನೇ ಒಣಗಿತು. ಸಾಲವನ್ನೆಲ್ಲ ಕಾಯದೆ ಅಳಿಸಿತ್ತು. ಅಪ್ಪ ಗೀಟೆಳೆದದ್ದು ಪುಸ್ತಕದಲ್ಲಿ ಮಾತ್ರ. ಮುಂದಿನ ತಿಂಗಳಿಗೆ ‘ಪಗಾರ 60’ ಎಂದು ಬರೆದಿದೆ. ಅದರ ಮುಂದೆ ಏನೂ ಇಲ್ಲ. ಕಾಕಾ ಆ ಪಗಾರ ತೆಗೆದುಕೊಂಡು ಬನಹಟ್ಟಿಗೆ ಹೋಗಿ ಮಗ್ಗದ ಕೆಲಸಕ್ಕೆ ಸೇರಿದ್ದ.

ಕಾಕಾ ತೀರಿಹೋಗಿ ಬಹಳ ವರ್ಷಗಳಾದವು. ಅವನ ಮಗ ಬನಹಟ್ಟಿಯಲ್ಲಿ ಎರಡು ಪಾವರಲೂಮು ಹಾಕಿಕೊಂಡಿದ್ದಾನೆ ಎಂದು ಕೇಳಿದ್ದೆ. ಖತಾವಣಿಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಏಕೆ ಹೋದೆನೆಂದು ನಿಮಗೆ ಸರಿಯಾಗಿ ಹೇಳಲಾರೆ. ವಂಶಾವಳಿಯ ಕೆಲಸವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವನು ಮಗ್ಗ ನಿಲ್ಲಿಸಿ, ಕೈಮೇಲಿನ ನೂಲಿನ ತುಣುಕುಗಳನ್ನು ಕೊಡವಿ, “ಬರ್ರಿ ಮಾಸ್ತರ್ರ, ಕುಂದರ್ರಿ” ಎಂದು ಕುರ್ಚಿ ಹಾಕಿದ. ನಾನು ಪುಟ ತೆರೆದು ವಿಷಯ ಹೇಳಿದೆ. ಲಗ್ನದ ಸಲುವಾಗಿ ನಲವತ್ತು ರೂಪಾಯಿ ಎಂದಾಗ ಅವನು ತಲೆಯೆತ್ತಿದ.

“ಲಗ್ನ ಅಲ್ರಿ. ಎರಡು ಚೀಲ ಜೋಳ. ನಮ್ಮಾಯಿ ಹೇಳ್ತಿದ್ಲು. ಬರದಾಗ ಯಾರ ಲಗ್ನ ಮಾಡ್ತಾರ್ರಿ?”

ನನಗೆ ಉತ್ತರ ತೋಚಲಿಲ್ಲ. ಧಾತು ವರ್ಷದಲ್ಲಿ ಎರಡು ಚೀಲ ಜೋಳದ ಬೆಲೆ ನಲವತ್ತು ರೂಪಾಯಿಯೆಂದು ಬರೆಯಲು ಕೈ ಬರದೆ ದೊಡ್ಡ ಮುತ್ಯಾ ಲಗ್ನವೆಂದು ಬರೆದನೆ? ಹೆಬ್ಬೆಟ್ಟೊತ್ತಿದವನಿಗೆ ಅದನ್ನು ಓದಿ ಹೇಳಿದವರು ಯಾರು? ನಾಲ್ಕು ವಾರ ಆ ಹಾಳೆಗಳನ್ನು ವೇದವಾಕ್ಯವೆಂಬಂತೆ ಹೊತ್ತು ತಿರುಗಿದ್ದೆ.

“ಮುತ್ಯಾನ ಹೆಸರು ಐತೇನ್ರಿ ಅದರಾಗ?” ಎಂದು ಕೇಳಿದ. ಓದಿದೆ. “ಅವರಪ್ಪಂದು?” ಅದೂ ಇತ್ತು, ಇಂಥವನ ಮಗ ಇಂಥವನು ಎಂದು. ಆ ಎರಡನೆಯ ಹೆಸರು ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಯನ್ನು ಕರೆದ, ಶಾಲೆಗೆ ಹೋಗುವ ಮೊಮ್ಮಗಳನ್ನು ಕರೆದ, ಇನ್ನೊಮ್ಮೆ ಓದಿಸಿದ. ಅಮೇರಿಕೆಯಲ್ಲಿ 1850 ಮತ್ತು 1860ರ ಗಣತಿಯವರು ಗುಲಾಮರಿಗೆ ಬೇರೆ ಯಾದಿ ಮಾಡಿ, ಒಡೆಯನ ಹೆಸರಿನ ಕೆಳಗೆ ಇವರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟನ್ನೇ ಬರೆದರಂತೆ. ಇಂದು ಅವರ ಮಕ್ಕಳು ಮೊಮ್ಮಕ್ಕಳು ಅಜ್ಜಂದಿರ ಹೆಸರಿಗಾಗಿ ಒಡೆಯರ ಮನೆಯ ಲೆಕ್ಕದ ಪುಸ್ತಕಗಳನ್ನೇ ಹುಡುಕುತ್ತಾರೆ ಎಂದು ಓದಿದ್ದೆ. ಅದನ್ನು ಓದುವಾಗ ರಬಕವಿಯ ಅಟ್ಟ ನನ್ನ ನೆನಪಿಗೆ ಬಂದಿರಲಿಲ್ಲ.

“ಆ ಹಾಳಿ ನನಗ ಕೊಡ್ರಿ” ಎಂದ.

“ಝೆರಾಕ್ಸ್ ಮಾಡಿಸಿ ಕೊಡ್ತೀನಿ” ಎಂದೆ. ಪುಸ್ತಕ ಊನವಾಗುತ್ತದೆ ಎಂಬ ಮಾತು ಬಾಯಿಗೆ ಬಂದಿತ್ತು. ಅವನು ಏನೂ ಅನ್ನಲಿಲ್ಲ. ಹೆಬ್ಬೆಟ್ಟಿನ ಗುರುತಿನ ಮೇಲೆ ತನ್ನ ಬೆರಳನ್ನಿಟ್ಟು ನೋಡುತ್ತಿದ್ದ. ನಾನು ಹೊಲಿಗೆಯ ದಾರ ಬಿಚ್ಚಿ ಹಾಳೆಯನ್ನು ತೆಗೆದುಕೊಟ್ಟೆ.

ಚಹಾ ಬಂದಿತು. ಕುಡಿಯುತ್ತ, ಅರವತ್ತು ವರ್ಷ ಯಾರಿಗೂ ಹೇಳದ ಮಾತನ್ನು ಹೇಳಲು ಹೊರಟೆ. “ನಿಮ್ಮಪ್ಪ ಒಮ್ಮೆ ಹೊಳಿ ದಂಡಿಗೆ...” ಎನ್ನುವಷ್ಟರಲ್ಲಿ ಅವನೇ, “ಗೊತ್ತೈತ್ರಿ. ಅಪ್ಪ ಹೇಳಿದ್ದ” ಎಂದ.

“ಏನಂತ ಹೇಳಿದ್ದ?”

“ಸಣ್ಣ ಹುಡುಗ, ಪೇಡೆದ ಆಶೆಕ್ಕ ಹೇಳ್ಯಾನ ಅಂತಿದ್ದ.”

ಪೇಡೆ ಕೊಟ್ಟದ್ದು ಆಮೇಲೆ. ಹೇಳುವಾಗ ನನ್ನ ಕಣ್ಣ ಮುಂದೆ ಪೇಡೆ ಇರಲಿಲ್ಲ. ಅದನ್ನು ತಿದ್ದಬೇಕೆಂದು ಬಾಯಿ ತೆರೆಯುವುದರೊಳಗೆ ಅವನು ಎದ್ದು, “ಕರೆಂಟ್ ಹೋಗೂದ್ರಾಗ ಈ ಸೀರಿ ಮುಗಸಬೇಕ್ರಿ” ಎಂದು ಮಗ್ಗದ ಗುಂಡಿ ಒತ್ತಿದ. ಆ ಸಪ್ಪಳದಲ್ಲಿ ಮಾತು ಕೇಳುವ ಹಾಗಿರಲಿಲ್ಲ. ಸ್ವಲ್ಪ ಹೊತ್ತು ಲಾಳಿ ಓಡುವುದನ್ನು ನೋಡುತ್ತ ನಿಂತಿದ್ದು, ರಬಕವಿಗೆ ನಡೆದೇ ಬಂದೆ.