ಚಿತ್ರದಲ್ಲಿದ್ದವಳು ನಾನೇ!

ಹಬ್ಬ ಹರಿದಿನಗಳಲ್ಲಿ ಫೋಟೋ ತೆಗೆಸಿಕೊಳ್ಳುವುದೆಂದರೆ ನಮಗೆಲ್ಲ ಎಷ್ಟು ಆಸೆ, ಅಲ್ಲವೇ? ಸೀರೆಯ ನೆರಿಗೆ ಸರಿಮಾಡಿಕೊಂಡು, ಹೂ ಮುಡಿದು, ನಗುತ್ತ ನಿಲ್ಲುತ್ತೇವೆ. ಆದರೆ ನನಗೆ ಗೊತ್ತಿಲ್ಲದೆ ತೆಗೆದ ನನ್ನದೊಂದು ಹಬ್ಬದ ಫೋಟೋ ಇದೆ. ಅದಕ್ಕೆ ನಾನು ದುಡ್ಡನ್ನೂ ತೆತ್ತಿದ್ದೇನೆ. ಆ ಕಥೆಯನ್ನು ನಿಮ್ಮ ಮುಂದೆ ಹೇಳಿಕೊಂಡರೆ ನನ್ನ ಮನಸ್ಸಿಗೂ ಹಗುರ, ನಿಮಗೂ ನಾಲ್ಕು ವಿಷಯ ತಿಳಿದೀತು.

ನಮ್ಮ ಮನೆಯ ಸ್ಕೂಟರ್ ನನ್ನ ಹೆಸರಿನಲ್ಲಿದೆ. ತರಕಾರಿ, ದಿನಸಿಗೆ ಹೋಗಲು ನಾನು ಓಡಿಸುತ್ತೇನೆ. ಕಾಲೇಜಿಗೆ ಮಗ ತೆಗೆದುಕೊಂಡು ಹೋಗುತ್ತಾನೆ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ವೃತ್ತಗಳಲ್ಲಿ ಹೊಸ ಕ್ಯಾಮೆರಾ ವ್ಯವಸ್ಥೆ ಬಂದಾಗ ನಾನೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಪೊಲೀಸಿನವರು ಎದುರಿಗೆ ನಿಂತು ಕೈ ತೋರಿಸಿದರೆ ತಾನೇ ದಂಡ!

2023ರ ಫೆಬ್ರವರಿ ಮೊದಲ ವಾರ ಯಜಮಾನರು ಪೇಪರ್ ಓದುತ್ತ, "ನೋಡೇ, ಹಳೇ ಸಂಚಾರ ದಂಡ ಕಟ್ಟೋರಿಗೆ ಅರ್ಧ ರಿಯಾಯಿತಿಯಂತೆ. ಹನ್ನೊಂದನೇ ತಾರೀಖಿನವರೆಗೆ ಮಾತ್ರ. ನಮ್ಮ ಗಾಡಿ ಮೇಲೆ ಏನಾದ್ರೂ ಇದೆಯೋ ಏನೋ" ಎಂದರು. "ನಮ್ಮ ಗಾಡಿ ಮೇಲೆ ಏನಿರತ್ತೆ?" ಎಂದು ನಾನು ನಕ್ಕೆ. ಪಕ್ಕದ ಮನೆಯ ಹುಡುಗಿ ತನ್ನ ಫೋನಿನಲ್ಲಿ ಗಾಡಿಯ ನಂಬರ್ ಹಾಕಿ ನೋಡಿದಳು. "ಆಂಟಿ, ಮೂರು ಕೇಸ್ ಇದೆ. ಮೂರೂ ಸಿಗ್ನಲ್ ಜಂಪ್. ಒಟ್ಟು 1,500 ರೂಪಾಯಿ" ಎಂದಳು. ನನ್ನ ಎದೆ ಧಸಕ್ಕೆಂದಿತು. ಒಂದಾದರೂ ಸಂದೇಶ ಬರಬೇಡವೇ? ಆಮೇಲೆ ಗೊತ್ತಾಯಿತು, ಗಾಡಿ ಕೊಂಡಾಗ ಕೊಟ್ಟಿದ್ದ ಫೋನ್ ನಂಬರನ್ನು ನಾನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮಗ ಕಾಲೇಜಿನಿಂದ ಬಂದವನೇ ಸಿಕ್ಕಿಬಿದ್ದ. ಚಪ್ಪಲಿ ಬಿಡುವುದಕ್ಕೂ ಬಿಡದೆ ಬೈದೆ. ಅವನು ತಲೆ ತಗ್ಗಿಸಿ, "ಎರಡು ನಂದೇ ಅಮ್ಮಾ, ತಪ್ಪಾಯ್ತು. ಆದ್ರೆ ಮೂರನೇದು ನಂದಲ್ಲ. ಅವತ್ತು ನಾನು ಗಾಡಿ ಮುಟ್ಟೇ ಇಲ್ಲ" ಎಂದ. "ಕಳ್ಳನಿಗೊಂದು ಪಿಳ್ಳೆ ನೆವ! ಮಾಡೋದೂ ಮಾಡಿ ಸುಳ್ಳು ಬೇರೆ ಹೇಳ್ತೀಯಾ?" ಎಂದುಬಿಟ್ಟೆ. ಅವನು ಮರುಮಾತಾಡಲಿಲ್ಲ. ಆ ರಾತ್ರಿ ಊಟಕ್ಕೂ ಏಳಲಿಲ್ಲ. ಎರಡು ದಿನ ತಾಯಿ ಮಗ ಮುಖ ಕೊಟ್ಟು ಮಾತಾಡಲಿಲ್ಲ.

ಮೂರನೆಯ ದಿನ ಅವನನ್ನೇ ಕರೆದುಕೊಂಡು ಸಂಚಾರ ಪೊಲೀಸ್ ಠಾಣೆಗೆ ಹೋದೆ. ರಿಯಾಯಿತಿಯ ದಿನಗಳಲ್ಲವೇ, ಸಾಲು ಬಾಗಿಲಾಚೆ ಬೆಳೆದಿತ್ತು. ನಮ್ಮ ಸರದಿ ಬಂದಾಗ, "ದುಡ್ಡು ಕಟ್ಟೋ ಮೊದಲು ಫೋಟೋ ತೋರಿಸ್ತೀರಾ?" ಎಂದು ಕೇಳಿದೆ. ಮಗನ ಸುಳ್ಳನ್ನು ಅವನ ಎದುರಿಗೇ ಬಯಲು ಮಾಡಬೇಕೆಂಬ ಹಟ ನನಗೆ! ಮಹಿಳಾ ಪೇದೆಯೊಬ್ಬರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಮೊದಲ ಎರಡರಲ್ಲಿ ಮಗನ ಬೆನ್ನು, ಬೆನ್ನಿನ ಮೇಲೆ ಕಾಲೇಜಿನ ಚೀಲ. ಮೂರನೆಯದು ಜನವರಿ 14ರ ಸಂಜೆಯದು. ಸಂಕ್ರಾಂತಿಯ ಹಿಂದಿನ ದಿನ. ಹೆಲ್ಮೆಟ್ ಇದ್ದುದರಿಂದ ಮುಖ ಕಾಣುತ್ತಿರಲಿಲ್ಲ. ಆದರೆ ಆ ಹಸಿರು ಸೀರೆ ನನ್ನದು. ಗಾಡಿಯ ಮುಂದೆ ಅವರೆಕಾಯಿ ಚೀಲ, ಪಕ್ಕದಲ್ಲಿ ಬಾವುಟದ ಕೋಲಿನಂತೆ ಎದ್ದು ನಿಂತ ಕಬ್ಬಿನ ಜಲ್ಲೆ! ಗಾಂಧಿ ಬಜಾರಿನಲ್ಲಿ ಚೌಕಾಸಿ ಮಾಡಿ ನಾನೇ ತಂದ ಕಬ್ಬು.

"ಇದು ನೀವೇ ಅಲ್ವಾ ಅಮ್ಮಾ?" ಎಂದರು ಆಕೆ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮಗ ಮಾತ್ರ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಆ ಚಿತ್ರದಲ್ಲಿ ಇನ್ನೊಬ್ಬರೂ ಇದ್ದರು. ರಸ್ತೆ ದಾಟುವ ಬಿಳಿ ಪಟ್ಟೆಗಳ ಅಂಚಿನಲ್ಲಿ, ಕೈಚೀಲ ಹಿಡಿದ ವಯಸ್ಸಾದ ಒಬ್ಬರು. ಒಂದು ಕಾಲು ರಸ್ತೆಗೆ ಇಳಿದಿದೆ, ಮೈ ಹಿಂದಕ್ಕೆ ವಾಲಿದೆ. ನನ್ನ ಗಾಡಿಗೆ ಹೆದರಿ ಹಿಂದೆ ಸರಿದಿದ್ದಾರೆ. ನಿಜ ಹೇಳುತ್ತೇನೆ, ಆ ಸಂಜೆ ಅವರನ್ನು ನಾನು ನೋಡಿದ ನೆನಪೇ ನನಗಿಲ್ಲ. ಹಳದಿ ದೀಪ ಕಂಡಿತ್ತು, ದಾಟಿಬಿಡೋಣ ಎಂದುಕೊಂಡೆ, ಅಷ್ಟೆ. ಅವಸರವಾದರೂ ಏನಿತ್ತು? ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆನೇ?

ಆಕೆ ನಿಧಾನವಾಗಿ ತಿಳಿಸಿ ಹೇಳಿದರು. ಕೆಂಪು ದೀಪ ಬಿದ್ದ ಮೇಲೆ ನಿಲುಗಡೆಯ ಗೆರೆ ದಾಟಿದ ಗಾಡಿಯನ್ನು ಕ್ಯಾಮೆರಾ ಹಿಡಿಯುತ್ತದೆ, ನಂಬರ್ ಫಲಕವನ್ನು ತಾನೇ ಓದಿಕೊಳ್ಳುತ್ತದೆ. ಆ ನಂಬರ್ ಯಾರ ಹೆಸರಿನಲ್ಲಿದೆಯೋ ನೋಟಿಸ್ ಅವರಿಗೇ. ಓಡಿಸಿದವರು ಯಾರೆಂದು ಅದಕ್ಕೇನು ಗೊತ್ತು? ಹಳದಿ ಎಂದರೆ ಬೇಗ ಹೋಗು ಎಂದಲ್ಲ, ನಿಲ್ಲು ಎಂದೇ ಅರ್ಥ. ಗೆರೆಯ ತೀರ ಹತ್ತಿರ ಬಂದು, ಬ್ರೇಕ್ ಹಾಕಿದರೆ ಅಪಾಯ ಎನ್ನುವಂತಿದ್ದರೆ ಮಾತ್ರ ದಾಟಬಹುದು.

ಒಂದಕ್ಕೆ 500ರಂತೆ 1,500. ಅದರಲ್ಲಿ ಅರ್ಧ 750 ರೂಪಾಯಿ ಕಟ್ಟಿ ರಸೀದಿ ತೆಗೆದುಕೊಂಡೆವು.

ಸೋದರಿಯರೇ, ನನ್ನ ಅನುಭವದಿಂದ ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನೋಟಿಸ್ ಬಂದರೆ ಗಾಬರಿಯೂ ಬೇಡ, ತಕ್ಷಣ ದುಡ್ಡು ಕಟ್ಟುವುದೂ ಬೇಡ. ಮೊದಲು ಚಿತ್ರ ನೋಡಿ. ದಿನಾಂಕ, ವೇಳೆ, ಸ್ಥಳ, ಗಾಡಿಯ ನಂಬರ್ ಎಲ್ಲವೂ ಅದರಲ್ಲಿ ಇರಬೇಕು. ಯಂತ್ರವೂ ಒಮ್ಮೊಮ್ಮೆ ತಪ್ಪು ಓದುತ್ತದೆ. ನಮ್ಮ ಬೀದಿಯ ಒಬ್ಬಾಕೆಯ ಸ್ಕೂಟರಿಗೆ ಬಂದ ನೋಟಿಸಿನಲ್ಲಿ ಇದ್ದದ್ದು ಯಾವುದೋ ಕಾರು! ಒಂದು ಅಂಕಿ ಅದಲು ಬದಲಾಗಿತ್ತು. ಆಕೆ ತಮ್ಮ ಗಾಡಿಯ ಫೋಟೋ, ನೋಂದಣಿ ಪತ್ರದ ಪ್ರತಿ ಜೊತೆಗಿಟ್ಟು ಠಾಣೆಗೆ ಅರ್ಜಿ ಕೊಟ್ಟರು, ಕೇಸ್ ಕೈಬಿಟ್ಟರು. ಒಪ್ಪಿಗೆಯಾಗದಿದ್ದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳುವ ದಾರಿಯೂ ಇದೆ.

ನೋಂದಣಿ ಪತ್ರಕ್ಕೆ ಈಗಿನ ಫೋನ್ ನಂಬರನ್ನೇ ಸೇರಿಸಿ. ಗಾಡಿ ಮಾರಿದರೆ ಹಣ ಕೈಗೆ ಬಂತೆಂದು ಸುಮ್ಮನಿರಬೇಡಿ. ಹೆಸರು ಬದಲಾಗುವವರೆಗೆ ಕೊಂಡವನ ತಪ್ಪಿಗೂ ನೋಟಿಸ್ ನಿಮ್ಮ ಮನೆಗೇ ಬರುತ್ತದೆ. ಇನ್ನೊಂದು ಮುಖ್ಯ ಮಾತು. ದಂಡ ಬಾಕಿ ಇದೆ, ಇದನ್ನು ಒತ್ತಿ ಎಂದು ಫೋನಿಗೆ ಬರುವ ಗುರುತಿಲ್ಲದ ಸಂದೇಶಗಳನ್ನು ಮುಟ್ಟಲೇಬೇಡಿ. ಬ್ಯಾಂಕಿನ ಹಣ ದೋಚುವ ಕಳ್ಳರ ಕೈವಾಡ ಅದು. ಸಂಶಯವಿದ್ದರೆ ಸಂಚಾರ ಠಾಣೆಯಲ್ಲೋ ಬೆಂಗಳೂರು ಒನ್ ಕೇಂದ್ರದಲ್ಲೋ ವಿಚಾರಿಸಿ. ಅರ್ಧ ರಿಯಾಯಿತಿ 2025ರಲ್ಲೂ ಬಂತು, ನಿಜ. ಹಾಗೆಂದು ಅದಕ್ಕಾಗಿ ಕಾಯುತ್ತ ಬಾಕಿ ಬೆಳೆಸುವುದು ಜಾಣತನವಲ್ಲ.

ಠಾಣೆಯಿಂದ ಮನೆಗೆ ಬರುವಾಗ ಮಗನೇ ಗಾಡಿ ಓಡಿಸಿದ. ಹಿಂದೆ ಕೂತಿದ್ದೆ. ಕ್ಷಮಿಸು ಎನ್ನಲು ನಾಲಿಗೆ ಏಳಲೊಲ್ಲದು. ತಾಯಿಯಾದವಳು ಮಗನ ಮುಂದೆ ಹೇಗೆ ಹೇಳುವುದು? ಒಂದು ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಅವನ ಭುಜದ ಮೇಲೆ ಕೈಯಿಟ್ಟು, "ನೀನು ಸುಳ್ಳು ಹೇಳಿರಲಿಲ್ಲ ಕಣೋ. ನಂದೇ ತಪ್ಪು" ಎಂದೆ. ಅವನು ತಿರುಗಿ ನೋಡಲಿಲ್ಲ. "ಸರಿ ಬಿಡಮ್ಮಾ. ರಾತ್ರಿ ಹಿತಕಿದ ಅವರೆಬೇಳೆ ಸಾರು ಮಾಡು" ಎಂದ. ಕೂತು ಒಂದೊಂದೇ ಬೇಳೆ ಹಿತುಕಿ ಮಾಡಿ ಬಡಿಸಿದೆ.

ಈಗ ಹಳದಿ ಬಿದ್ದರೆ ನಿಲ್ಲುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಗೊಣಗುತ್ತಾರೆ. ಹೊಡೆದುಕೊಳ್ಳಲಿ ಬಿಡಿ. ಯಾರಾದರೂ ವಯಸ್ಸಾದವರು ಕೈಚೀಲ ಹಿಡಿದು ರಸ್ತೆಗೆ ಕಾಲಿಟ್ಟರೆ, ಅವತ್ತಿನವರು ಇವರೇ ಇರಬಹುದೇ ಎಂದು ಮುಖ ನೋಡುತ್ತೇನೆ. ಅವರು ನಿಧಾನವಾಗಿ ಆಚೆ ಸೇರುವವರೆಗೆ ಕಾಯುತ್ತೇನೆ.